ತಾಯಿಗೆ ಮೊಬಿಲಿಟಿ ಸ್ಕೂಟರ್: ಏನನ್ನು ನೋಡಿ ಆರಿಸಬೇಕು?

ಹೊಸಹೆಜ್ಜೆ

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಯವರಿಗೆ 78 ವರ್ಷ. ಎರಡೂ ಮಂಡಿಗಳು ಸವೆದಿವೆ. ಮನೆಯೊಳಗೆ ಕೈಗೋಲು ಹಿಡಿದು ತಾವೇ ಓಡಾಡುತ್ತಾರೆ, ಕುರ್ಚಿಯಿಂದಲೂ ಹಾಸಿಗೆಯಿಂದಲೂ ಯಾರ ಆಸರೆಯಿಲ್ಲದೆ ಏಳುತ್ತಾರೆ. ಆದರೆ ಹೊರಗೆ ಸ್ವಲ್ಪ ದೂರ ನಡೆಯುವಷ್ಟರಲ್ಲಿ ನೋವು ಹೆಚ್ಚಿ ಎಲ್ಲಾದರೂ ಕುಳಿತುಕೊಳ್ಳಬೇಕಾಗುತ್ತದೆ. ಗ್ರಂಥಾಲಯ, ಉದ್ಯಾನ, ಔಷಧಿ ಅಂಗಡಿ ಮೂರೂ ಒಂದೂವರೆ ಕಿಲೋಮೀಟರಿನೊಳಗೆ ಇವೆ. ಆದರೂ ಈಗ ಅವರು ಯಾರಾದರೂ ಬಿಡುವು ಮಾಡಿಕೊಂಡು ಕರೆದೊಯ್ಯುವವರೆಗೆ ಕಾಯಬೇಕಾಗಿದೆ, ಮತ್ತು ಹೀಗೆ ಕಾಯುವುದೇ ಅವರಿಗೆ ಮಂಡಿನೋವಿಗಿಂತ ದೊಡ್ಡ ಸಂಕಟವಾಗಿರುವುದು ನನಗೆ ಕಾಣುತ್ತಿದೆ.

ನಡೆಯಲು ಕಷ್ಟಪಡುವವರು ಕುಳಿತು ಹೋಗುವ, ಬ್ಯಾಟರಿಯಿಂದ ನಡೆಯುವ ಮೊಬಿಲಿಟಿ ಸ್ಕೂಟರ್ ಕೊಳ್ಳಬೇಕೆಂದು ಮನೆಯಲ್ಲಿ ಮಾತಾಗಿದೆ. ಮೂರು ಚಕ್ರದ್ದು ಒಳ್ಳೆಯದೋ ನಾಲ್ಕು ಚಕ್ರದ್ದೋ, ಒಂದು ಚಾರ್ಜಿಗೆ ಎಷ್ಟು ದೂರ ಹೋಗುವಂಥದ್ದು ಬೇಕು, ಮಡಚಿ ಕಾರಿನಲ್ಲಿಡುವಂಥದ್ದನ್ನು ಕೊಂಡರೆ ಅನುಕೂಲವೇ ಎಂಬ ಪ್ರಶ್ನೆಗಳಲ್ಲೇ ನಾವು ನಿಂತಿದ್ದೇವೆ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಸಂಧಿಬಂಧ

ಹೊಸಹೆಜ್ಜೆಯವರೇ, ನಾನು ಭೌತಚಿಕಿತ್ಸೆಯ ಕೆಲಸದಲ್ಲಿರುವವಳು. ನೀವು ಕೇಳಿದ ಮೂರೂ ಪ್ರಶ್ನೆಗಳು ಯಂತ್ರಕ್ಕೆ ಸಂಬಂಧಿಸಿದವು. ಅವುಗಳಿಗೆ ಉತ್ತರ ಹುಡುಕುವ ಮೊದಲು ತಾಯಿಯವರ ದೇಹಕ್ಕೆ ಸಂಬಂಧಿಸಿದ ಕೆಲವು ಸಂಗತಿಗಳನ್ನು ನೋಡಿಕೊಳ್ಳಬೇಕು, ಏಕೆಂದರೆ ಮೊಬಿಲಿಟಿ ಸ್ಕೂಟರ್ ಎಲ್ಲ ವೃದ್ಧರಿಗೂ ಹೊಂದುವ ಸಾಧನವಲ್ಲ. ಅದರಲ್ಲಿ ಕುಳಿತವರು ಬೆನ್ನನ್ನು ತಮ್ಮ ಶಕ್ತಿಯಿಂದಲೇ ನೆಟ್ಟಗೆ ಇರಿಸಿಕೊಳ್ಳಬೇಕು, ಎರಡೂ ತೋಳುಗಳನ್ನು ಮುಂದಕ್ಕೆ ಚಾಚಿ ಹ್ಯಾಂಡಲ್ ಹಿಡಿದು ತಿರುಗಿಸಬೇಕು, ಪಕ್ಕದಿಂದ ತಾವೇ ಹತ್ತಿ ಇಳಿಯಬೇಕು. ಈ ಮೂರರಲ್ಲಿ ಒಂದು ಕಷ್ಟವಾದರೂ ಜಾಯ್‌ಸ್ಟಿಕ್ ಇರುವ ವಿದ್ಯುತ್ ವೀಲ್‌ಚೇರ್ ಹೆಚ್ಚು ಸೂಕ್ತ. ಅದು ಕುಳಿತವರ ಸುತ್ತ ಆಧಾರ ಕೊಡುತ್ತದೆ, ಒಂದೇ ಕೈಯಿಂದ ನಡೆಯುತ್ತದೆ. ನಿಮ್ಮ ವಿವರಣೆಯಂತೆ ತಾಯಿಯವರು ತಾವೇ ಏಳುತ್ತಾರೆ, ಒಳಗೆ ನಡೆಯುತ್ತಾರೆ ಎಂದಾದರೆ ಸ್ಕೂಟರ್ ಅವರಿಗೆ ಹೊಂದುವ ಸಾಧ್ಯತೆಯೇ ಹೆಚ್ಚು.

ಇನ್ನು ಕಣ್ಣು. ಓದಲು ಬರುತ್ತದೆ ಎಂದ ಮಾತ್ರಕ್ಕೆ ಸಾಲದು. ಗ್ಲಾಕೋಮಾ ಇರುವವರಲ್ಲಿ ಪಕ್ಕದ ನೋಟ ನಿಧಾನವಾಗಿ ಕುಗ್ಗುತ್ತದೆ, ಮತ್ತು ಎದುರಿನದು ಸ್ಪಷ್ಟವಾಗಿಯೇ ಕಾಣುವುದರಿಂದ ಅದು ಅವರ ಗಮನಕ್ಕೇ ಬರುವುದಿಲ್ಲ. ಪಕ್ಕದ ಗಲ್ಲಿಯಿಂದ ಬರುವ ಸೈಕಲ್ ಕಾಣದೆ ಹೋಗುವುದು ಹೀಗೆಯೇ. ಅಕ್ಷಿಪಟಲದ ನಡುಭಾಗ ಸವೆದವರಿಗೆ ಇದರ ವಿರುದ್ಧವಾಗಿ ಎದುರಿನದೇ ಮಸುಕು. ಪೊರೆ ಬಂದವರಿಗೆ ಬಣ್ಣಗಳ ನಡುವಿನ ವ್ಯತ್ಯಾಸ ಮಂಕಾಗಿ, ಕಾಲುದಾರಿಯ ಅಂಚು ಎಲ್ಲಿ ಮುಗಿದು ರಸ್ತೆ ಎಲ್ಲಿ ಆರಂಭವಾಯಿತು ಎಂಬುದು ತಿಳಿಯುವುದಿಲ್ಲ. ಕೊಳ್ಳುವ ಮೊದಲು ದೃಷ್ಟಿಯ ವಿಸ್ತಾರವನ್ನೂ ಸೇರಿಸಿ ಒಮ್ಮೆ ಕಣ್ಣಿನ ತಪಾಸಣೆ ಮಾಡಿಸಿ. ಮಧುಮೇಹದಿಂದ ಪಾದಗಳ ಸ್ಪರ್ಶಜ್ಞಾನ ಕುಗ್ಗಿದ್ದರೆ ಅದನ್ನೂ ಹೇಳಬೇಕು. ಪಾದ ಕಾಲುಹಲಗೆಯಿಂದ ಹೊರಗೆ ಸರಿದದ್ದು ಅಂಥವರಿಗೆ ಗೊತ್ತಾಗುವುದಿಲ್ಲ. ನಿದ್ರೆಯ ಮಾತ್ರೆ, ತಲೆಸುತ್ತು ತರುವ ಔಷಧಿ ತೆಗೆದುಕೊಳ್ಳುತ್ತಿದ್ದರೆ ವೈದ್ಯರ ಬಳಿ ಸ್ಕೂಟರಿನ ವಿಷಯವನ್ನು ಪ್ರಸ್ತಾಪಿಸಿಯೇ ಮುಂದುವರಿಯಿರಿ.

ತಾಯಿಯವರ ಕೈಬೆರಳುಗಳು ಹೇಗಿವೆ ಎಂದು ನೀವು ಬರೆದಿಲ್ಲ. ಮಂಡಿ ಸವೆದವರಲ್ಲಿ ಹೆಬ್ಬೆರಳಿನ ಬುಡವೂ ಸವೆದಿರುವುದು ಅಪರೂಪವಲ್ಲ. ಸ್ಕೂಟರನ್ನು ಓಡಿಸುವ ಸನ್ನೆ (ಲಿವರ್) ಇರುವುದು ಆ ಹೆಬ್ಬೆರಳಿನ ಕೆಳಗೇ.

ಚಕ್ರವಾಕ

ನಾನು ಈ ಸ್ಕೂಟರ್‌ಗಳನ್ನು ದುರಸ್ತಿ ಮಾಡುವವನು. ಮೂರು ಚಕ್ರವೋ ನಾಲ್ಕು ಚಕ್ರವೋ ಎಂಬ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ಮೂರು ಚಕ್ರದ್ದು ಕಡಿಮೆ ಜಾಗದಲ್ಲಿ ತಿರುಗುತ್ತದೆ, ಮುಂದೆ ಒಂದೇ ಚಕ್ರವಿರುವುದರಿಂದ ಕಾಲು ಚಾಚಲು ಹೆಚ್ಚು ಸ್ಥಳ ಸಿಗುತ್ತದೆ. ಮಂಡಿ ಪೂರ್ತಿ ಮಡಚಲಾಗದವರಿಗೆ ಇದು ನಿಜವಾದ ಅನುಕೂಲ. ಆದರೆ ಓಟದಲ್ಲಿರುವಾಗ ಹ್ಯಾಂಡಲನ್ನು ಥಟ್ಟನೆ ತಿರುಗಿಸಿದರೆ, ಅದರಲ್ಲೂ ಇಳಿಜಾರಿನಲ್ಲಿ ಬ್ರೇಕ್ ಬೀಳುತ್ತಿರುವಾಗ ತಿರುಗಿಸಿದರೆ, ದೇಹದ ಭಾರವೆಲ್ಲ ಮುಂದಿನ ಒಂದು ಚಕ್ರದ ಪಕ್ಕದ ಖಾಲಿ ಮೂಲೆಯತ್ತ ಒರಗುತ್ತದೆ. ನಾಲ್ಕು ಚಕ್ರದ್ದರಲ್ಲಿ ಆ ಮೂಲೆಯಲ್ಲಿ ಒಂದು ಚಕ್ರವಿರುತ್ತದೆ. ಹೊರಗೆ, ಏರುಪೇರಿರುವ ಕಾಲುದಾರಿಯಲ್ಲಿ ಓಡಾಡುವವರಿಗೆ ನಾನು ನಾಲ್ಕು ಚಕ್ರದ್ದನ್ನೇ ಹೇಳುತ್ತೇನೆ. ಮೂರು ಚಕ್ರದ್ದು ಮುಖ್ಯವಾಗಿ ಕಟ್ಟಡಗಳೊಳಗೆ, ಸಮತಟ್ಟಾದ ನೆಲದಲ್ಲಿ ಓಡಾಡುವವರಿಗೆ.

ಯುರೋಪಿನ ಇಎನ್ 12184 ಎಂಬ ಮಾನದಂಡ ಇವುಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿದೆ. ಎ ವರ್ಗದ್ದು ಒಳಾಂಗಣಕ್ಕೆ, ಸಿ ವರ್ಗದ್ದು ಹೊರಗಿನ ದೂರದ ಓಡಾಟಕ್ಕೆ, ಬಿ ವರ್ಗದ್ದು ಎರಡರ ನಡುವಿನದು. ಅಂಗಡಿಯಲ್ಲಿ ನಯವಾದ ನೆಲದ ಮೇಲೆ ಎಲ್ಲವೂ ಚೆನ್ನಾಗಿಯೇ ಓಡುತ್ತವೆ. ವಿವರಪಟ್ಟಿಯಲ್ಲಿ ವರ್ಗ ಯಾವುದೆಂದು ಕೊಟ್ಟಿದ್ದರೆ ಮೊದಲು ಅದನ್ನು ನೋಡಿ.

ನಂತರ ಮೂರು ಅಳತೆಗಳನ್ನು ತೆಗೆಯಿರಿ. ಬಾಗಿಲು ತೆರೆದಾಗ ಚೌಕಟ್ಟಿನ ನಡುವೆ ನಿಜವಾಗಿ ಸಿಗುವ ಅಗಲ ಎಷ್ಟು, ಲಿಫ್ಟ್ ಇದ್ದರೆ ಅದರೊಳಗಿನ ಉದ್ದ ಅಗಲ ಎಷ್ಟು, ಲಿಫ್ಟಿನ ಮುಂದಿನ ಜಾಗ ಎಷ್ಟು. ಸಣ್ಣ ಸ್ಕೂಟರ್ ಸುಮಾರು 100 ಸೆಂ.ಮೀ. ಉದ್ದ, 50ರಿಂದ 55 ಸೆಂ.ಮೀ. ಅಗಲ ಇರುತ್ತದೆ, ದೊಡ್ಡದು 130ರಿಂದ 150 ಸೆಂ.ಮೀ. ಉದ್ದ, 65 ಸೆಂ.ಮೀ.ಗೂ ಹೆಚ್ಚು ಅಗಲ. 140 ಸೆಂ.ಮೀ. ಆಳದ ಲಿಫ್ಟಿನಲ್ಲಿ ದೊಡ್ಡ ಸ್ಕೂಟರ್ ಹಿಡಿದರೂ ಒಳಗೆ ತಿರುಗಲಾರದು, ಪ್ರತಿ ಸಲವೂ ಹಿಮ್ಮುಖವಾಗಿಯೇ ಹೊರಬರಬೇಕು. ಕತ್ತು ಹಿಂದಕ್ಕೆ ಹೊರಳಿಸಲು ಕಷ್ಟಪಡುವ ವೃದ್ಧರಿಗೆ ದಿನಾಲೂ ಇದು ಶಿಕ್ಷೆಯೇ ಸರಿ.

ಹಾದಿಯಲ್ಲಿರುವ ಅತಿ ಕಡಿದಾದ ಏರನ್ನೂ ಅಳೆಯಿರಿ. ವಿವರಪಟ್ಟಿಯಲ್ಲಿ ಏರುವ ಸಾಮರ್ಥ್ಯವನ್ನು ಕೆಲವರು ಡಿಗ್ರಿಯಲ್ಲಿ, ಕೆಲವರು ಶೇಕಡಾದಲ್ಲಿ ಕೊಡುತ್ತಾರೆ, ಇವೆರಡೂ ಒಂದೇ ಎಂದು ಭಾವಿಸಿ ಕೊಂಡವರನ್ನು ನಾನು ನೋಡಿದ್ದೇನೆ. ಶೇಕಡಾ 10 ಎಂದರೆ 5.7 ಡಿಗ್ರಿ ಮಾತ್ರ; 10 ಡಿಗ್ರಿ ಎಂದರೆ ಸುಮಾರು ಶೇಕಡಾ 17.6. ಒಂದು ಮೀಟರ್ ಉದ್ದದ ನೇರ ಹಲಗೆಯ ಒಂದು ತುದಿಯನ್ನು ಏರಿನ ಮೇಲ್ಭಾಗದ ನೆಲಕ್ಕೆ ತಾಗಿಸಿ, ರಸಮಟ್ಟ ನೋಡಿಕೊಂಡು ಅಡ್ಡಲಾಗಿ ಹಿಡಿದರೆ, ಇನ್ನೊಂದು ತುದಿಯ ಕೆಳಗೆ ನೆಲದವರೆಗೆ ಎಷ್ಟು ಸೆಂಟಿಮೀಟರ್ ಇದೆಯೋ ಅದೇ ಶೇಕಡಾ ಲೆಕ್ಕ. 12 ಮೀಟರಿಗೆ 1 ಮೀಟರ್ ಏರುವ ಸಾಮಾನ್ಯ ರ‍್ಯಾಂಪ್ ಶೇಕಡಾ 8.3, ಅಂದರೆ 4.8 ಡಿಗ್ರಿ ಆಗುತ್ತದೆ. ಸಣ್ಣ ಸ್ಕೂಟರ್‌ಗಳು ಸಾಮಾನ್ಯವಾಗಿ 6ರಿಂದ 8 ಡಿಗ್ರಿವರೆಗಿನ ಏರಿಗೆ ತಯಾರಾದವು. ಅಳೆದದ್ದಕ್ಕೂ ಯಂತ್ರದ ಮಿತಿಗೂ ನಡುವೆ ಸಾಕಷ್ಟು ಅಂತರವಿರಲಿ.

ನಿತ್ಯಪಯಣ

ಮೇಲಿನ ಇಬ್ಬರೂ ಹೇಳಿದ್ದು ಸರಿಯಾಗಿದೆ. ನಾನು ಸ್ವತಃ ಸ್ಕೂಟರ್ ಬಳಸುವ ಹಿರಿಯ, ಹಾಗಾಗಿ ಕುಳಿತವರ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತದೆ ಎಂಬುದನ್ನು ಬರೆಯುತ್ತೇನೆ.

ಹೊಸಹೆಜ್ಜೆಯವರೇ, ನಿಮ್ಮ ಬರಹದಲ್ಲಿ ಮನೆಯಲ್ಲಿ ಮಾತಾಗಿದೆ ಎಂದಿದೆ. ಆ ಮಾತಿನಲ್ಲಿ ತಾಯಿಯವರೂ ಇದ್ದರೇ? ಮಕ್ಕಳು ಪ್ರೀತಿಯಿಂದ ಆರಿಸಿ ತಂದ ಸ್ಕೂಟರ್ ಬಾಗಿಲ ಪಕ್ಕದಲ್ಲಿ ಹೊದಿಕೆ ಹೊದ್ದು ನಿಂತಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅವರಿಗೆ ಎಲ್ಲಿಗೆ ಹೋಗಬೇಕೆಂದಿದೆ, ಒಬ್ಬರೇ ಹೋಗಲು ಇಷ್ಟವೇ, ಯಾರಾದರೂ ನೋಡಿದರೆ ಸಂಕೋಚವಾಗುವುದೇ ಎಂಬುದನ್ನು ಅವರ ಬಾಯಿಂದಲೇ ಕೇಳಿ, ಮತ್ತು ಅಂಗಡಿಯಲ್ಲಿ ಮಾರುವವರು ನಿಮ್ಮೊಡನೆ ಮಾತನಾಡತೊಡಗಿದರೆ ದಯವಿಟ್ಟು ಆ ಮಾತನ್ನು ತಾಯಿಯವರತ್ತ ತಿರುಗಿಸಿ. ಓಡಿಸುವವರು ಅವರು.

ಸನ್ನೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ಚಕ್ರಗಳ ಸಂಖ್ಯೆಗಿಂತ ಇದೇ ಮುಖ್ಯ. ಈ ಸ್ಕೂಟರ್‌ಗಳಲ್ಲಿ ಸನ್ನೆಯನ್ನು ಒತ್ತಿದರೆ ಗಾಡಿ ಓಡುತ್ತದೆ, ಬಿಟ್ಟರೆ ತಾನೇ ನಿಲ್ಲುತ್ತದೆ. ಬೇರೆ ಬ್ರೇಕನ್ನು ಹಿಡಿಯಬೇಕಾಗಿಲ್ಲ. ಕೇಳಲು ಸುಲಭವೇ. ಆದರೆ ಹೆದರಿದಾಗ ಮನುಷ್ಯನ ಕೈ ಬಿಡುವುದಿಲ್ಲ, ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ, ಮತ್ತು ಆ ಹಿಡಿತದೊಳಗೆ ಸನ್ನೆಯೂ ಸೇರಿರುತ್ತದೆ. ಮಗುವೊಂದು ಅಡ್ಡ ಬಂದಾಗ ನಿಲ್ಲಿಸಬೇಕೆಂದು ಕೈ ಬಿಗಿ ಮಾಡಿದರೆ ಗಾಡಿ ಮುಂದಕ್ಕೇ ಹೋಗುತ್ತದೆ. ಜೀವನವಿಡೀ ಸೈಕಲ್ಲಿನ ಅಥವಾ ಮೋಟಾರು ವಾಹನದ ಬ್ರೇಕನ್ನು ಹಿಂಡಿ ಅಭ್ಯಾಸವಿರುವವರಿಗೆ ಬಿಟ್ಟರೆ ನಿಲ್ಲುತ್ತದೆ ಎಂಬುದು ತಲೆಗೆ ಹೋಗುತ್ತದೆ, ಕೈಗೆ ಇಳಿಯಲು ಬಹಳ ಕಾಲ ಹಿಡಿಯುತ್ತದೆ. ಆದ್ದರಿಂದ ಆರಂಭದಲ್ಲಿ ವೇಗದ ಗುಂಡಿಯನ್ನು ಅತಿ ಕಡಿಮೆಗೆ ಇಟ್ಟು, ಯಾರೂ ಇಲ್ಲದ ಬಯಲಿನಲ್ಲಿ ಓಡುತ್ತಿರುವಾಗ ಪಕ್ಕದಲ್ಲಿರುವವರು ‘ಬಿಡಿ’ ಎಂದ ತಕ್ಷಣ ಎರಡೂ ಕೈಗಳ ಬೆರಳುಗಳನ್ನು ಬಿಚ್ಚುವುದನ್ನು ಮತ್ತೆ ಮತ್ತೆ ಮಾಡಿಸಿ. ಕೈಬೆರಳು ಸುತ್ತಿಕೊಂಡು ಹಿಡಿಯುವಂಥ ಸನ್ನೆಯಾದರೆ ಇದು ಇನ್ನೂ ಅಗತ್ಯ. ಹ್ಯಾಂಡಲ್ ಪೂರ್ತಿ ಸುತ್ತುವ ಬಳೆಯಂತಿದ್ದರೆ ಅಂಗೈಯನ್ನು ಊರಿಟ್ಟು ಹೆಬ್ಬೆರಳಿನ ಬದಲು ಬೇರೆ ಬೆರಳಿಂದಲೂ ಒತ್ತಬಹುದು. ಹೆಬ್ಬೆರಳು ನೋಯುವವರು ಇಂಥದ್ದನ್ನು ಕೇಳಿ ನೋಡಬೇಕು.

ಇನ್ನೊಂದು ಮಾತು ಹತ್ತಿ ಇಳಿಯುವ ಕುರಿತು. ಇಳಿಯುವಾಗ ಕೈ ಸಹಜವಾಗಿ ಹ್ಯಾಂಡಲಿನತ್ತ ಹೋಗುತ್ತದೆ. ಕೀಲಿ ತೆಗೆಯದಿದ್ದರೆ ಸನ್ನೆ ಒತ್ತಿಹೋಗಿ, ಒಂದು ಕಾಲು ನೆಲದಲ್ಲಿರುವಾಗಲೇ ಗಾಡಿ ನುಗ್ಗುತ್ತದೆ. ಮೊದಲು ಕೀಲಿ ತೆಗೆಯಬೇಕು, ನಂತರ ಸೀಟನ್ನು ಪಕ್ಕಕ್ಕೆ ತಿರುಗಿಸಿ ಅದರ ಬೀಗ ಟಕ್ಕೆಂದು ಬಿದ್ದದ್ದನ್ನು ಕೇಳಿಕೊಳ್ಳಬೇಕು, ಆಮೇಲೆ ಕೈದಂಡೆ ಊರಿ ಏಳಬೇಕು. ಈ ಕ್ರಮ ತಪ್ಪಬಾರದು. ತಿರುಗುವ ಸೀಟು ಇಲ್ಲದ ಸ್ಕೂಟರನ್ನು ಮಂಡಿನೋವಿನವರಿಗೆ ಕೊಡಿಸಲೇಬೇಡಿ. ಸೀಟು ತಗ್ಗಿನಲ್ಲಿದ್ದರೆ ಏಳುವುದು ಕಷ್ಟ, ಎತ್ತರದಲ್ಲಿದ್ದರೆ ಪಾದ ತೂಗಾಡುತ್ತದೆ. ಕುಳಿತಾಗ ಎರಡೂ ಪಾದಗಳು ಹಲಗೆಯ ಮೇಲೆ ಪೂರ್ತಿ ಊರಿರಬೇಕು, ಮೊಣಕೈ ತುಸು ಬಾಗಿರಬೇಕು.

ಹೊಸಹೆಜ್ಜೆ

ನಿಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿತ್ಯಪಯಣ ಅವರ ಪ್ರಶ್ನೆಯನ್ನು ತಾಯಿಯವರಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ತಮಗೆ ಗ್ರಂಥಾಲಯಕ್ಕೆ ಒಬ್ಬರೇ ಹೋಗಬೇಕೆಂದಿದೆ, ಉಳಿದ ಕಡೆಗಳಿಗೆ ಜೊತೆಯಿದ್ದರೂ ಆಗಬಹುದು ಎಂದರು. ಹೆಬ್ಬೆರಳಿನ ಬುಡದಲ್ಲಿ ನೋವಿದೆಯೆಂದು ಅವರು ಈವರೆಗೆ ಯಾರಿಗೂ ಹೇಳಿರಲಿಲ್ಲ, ಈಗ ಹೇಳಿದ್ದಾರೆ. ಕಣ್ಣಿನ ತಪಾಸಣೆಗೆ ಸಮಯ ನಿಗದಿಪಡಿಸಿದ್ದೇವೆ.

ಅಳತೆಗಳೂ ಆದವು. ಬಾಗಿಲಿನ ಅಗಲ 80 ಸೆಂ.ಮೀ., ಲಿಫ್ಟ್ 110 ಸೆಂ.ಮೀ. ಅಗಲ ಮತ್ತು 140 ಸೆಂ.ಮೀ. ಆಳ. ಗ್ರಂಥಾಲಯದ ಹಾದಿಯಲ್ಲಿ ಒಂದು ಏರು ಶೇಕಡಾ 9ರಷ್ಟಿದೆ, ಕಾಲುದಾರಿಯ ಅಂಚು ಒಂದು ಕಡೆ 6 ಸೆಂ.ಮೀ. ಎತ್ತರದ್ದು. ಅಣ್ಣನವರು ಮಡಚುವ ಹಗುರ ಮಾದರಿಯನ್ನೇ ಕೊಳ್ಳೋಣ, ಪ್ರಯಾಣಕ್ಕೂ ಆಗುತ್ತದೆ, ಒಂದು ಚಾರ್ಜಿಗೆ 20 ಕಿ.ಮೀ. ಎಂದು ಬರೆದಿದ್ದಾರೆ ಎನ್ನುತ್ತಿದ್ದಾರೆ. ಅಕ್ಕನವರ ಆತಂಕ ಬೇರೆ: ಸ್ಕೂಟರ್ ಬಂದರೆ ಅಮ್ಮ ನಡೆಯುವುದನ್ನೇ ಬಿಟ್ಟುಬಿಡುತ್ತಾರೆ, ಇರುವ ಶಕ್ತಿಯೂ ಹೋಗುತ್ತದೆ ಎಂದು.

ಚಕ್ರವಾಕ

ಶೇಕಡಾ 9 ಎಂದರೆ ಸುಮಾರು 5 ಡಿಗ್ರಿ, ಅದು ತೊಂದರೆಯಲ್ಲ. ನಿಮ್ಮ ಹಾದಿಯಲ್ಲಿ ತೀರ್ಮಾನ ಮಾಡಬೇಕಾದ ಸ್ಥಳ ಆ 6 ಸೆಂ.ಮೀ. ಅಂಚು. ಮಡಚುವ ಹಗುರ ಮಾದರಿಗಳ ಚಕ್ರಗಳು ಸಣ್ಣವು, ಅವುಗಳ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ ಕೆಲವು ಸೆಂಟಿಮೀಟರ್ ಮಾತ್ರ. ಮುಂದಿನ ಚಕ್ರ ಹೇಗೋ ಹತ್ತಿದರೂ ನಡುಭಾಗ ಅಂಚಿಗೆ ಸಿಕ್ಕಿ, ಹಿಂದಿನ ಚಕ್ರಗಳು ನೆಲ ಬಿಟ್ಟು ಗಾಡಿ ಅಲ್ಲೇ ನಿಲ್ಲುತ್ತದೆ. ಅಂಚಿನ ಎತ್ತರವನ್ನು ದಾಟಬಲ್ಲದು ಎಂದು ತಯಾರಕರು ಸ್ಪಷ್ಟವಾಗಿ ಬರೆದಿರುವ ಮಧ್ಯಮ ಗಾತ್ರದ ಸ್ಕೂಟರ್ ಆದರೂ ಅದನ್ನು ನೇರವಾಗಿ, ಎರಡೂ ಮುಂಚಕ್ರ ಒಟ್ಟಿಗೆ ತಾಗುವಂತೆ ಹತ್ತಿಸಬೇಕು. ಓರೆಯಾಗಿ ಹತ್ತಿಸುವುದು ಗಾಡಿ ಮಗುಚುವ ಅತಿ ಸುಲಭದ ದಾರಿ. ಸುತ್ತಿ ಹೋದರೂ ಚಿಂತೆಯಿಲ್ಲ, ತಗ್ಗಿಸಿದ ಅಂಚಿರುವ ಕಡೆಯಿಂದ ದಾಟುವ ಹಾದಿ ಇದ್ದರೆ ಅದನ್ನೇ ರೂಢಿ ಮಾಡಿಸಿ.

20 ಕಿ.ಮೀ. ಎಂಬ ಅಂಕಿ ಸುಳ್ಳೆಂದು ನಾನು ಹೇಳುವುದಿಲ್ಲ. ಐಎಸ್‌ಒ 7176 ಎಂಬ ಅಂತರರಾಷ್ಟ್ರೀಯ ಮಾನದಂಡಗಳ ಸರಣಿಯ 4ನೆಯ ಭಾಗದಲ್ಲಿ ಒಂದು ನಿಗದಿತ ಪರೀಕ್ಷೆಯಿದೆ. ಸಮತಟ್ಟಾದ ಹಾದಿಯಲ್ಲಿ ಓಡಿಸಿ, ಖರ್ಚಾದ ವಿದ್ಯುತ್ತನ್ನು ಅಳೆದು, ಪೂರ್ತಿ ಬ್ಯಾಟರಿಗೆ ಎಷ್ಟು ದೂರವಾದೀತು ಎಂದು ಲೆಕ್ಕ ಹಾಕುತ್ತಾರೆ. ಏರು, ಒರಟು ನೆಲ, ನಿಂತು ಹೊರಡುವುದು, ಚಳಿ, ಬ್ಯಾಟರಿಯ ವಯಸ್ಸು ಇವೆಲ್ಲ ಸೇರಿದಾಗ ಅದರ ಅರ್ಧದಿಂದ ಮೂರನೆಯ ಎರಡು ಭಾಗದಷ್ಟನ್ನು ಮಾತ್ರ ನಂಬಿ ನಡೆಯಿರಿ ಎಂಬುದು ನನ್ನ ಸಲಹೆ. ತಾಯಿಯವರ ಓಡಾಟ ಹೋಗಿಬರಲು 3 ಕಿ.ಮೀ. ಆದ್ದರಿಂದ ನಿಮಗೆ ದೊಡ್ಡ ಅಂಕಿಯ ಹಿಂದೆ ಹೋಗುವ ಅಗತ್ಯವೇ ಇಲ್ಲ. ಆ ಹಣವನ್ನು ಒಳ್ಳೆಯ ಸೀಟಿಗೂ ಗಾಳಿ ತುಂಬುವ ದೊಡ್ಡ ಟಯರಿಗೂ ಹಾಕಿ. ಗಟ್ಟಿ ರಬ್ಬರಿನ ಟಯರ್ ಪಂಕ್ಚರ್ ಆಗುವುದಿಲ್ಲ ನಿಜ, ಆದರೆ ಒರಟು ಹಾದಿಯ ಕುಲುಕಾಟವೆಲ್ಲ ನೇರವಾಗಿ ಬೆನ್ನಿಗೆ ಬರುತ್ತದೆ.

ಬ್ಯಾಟರಿಯಲ್ಲಿ ಎರಡು ಬಗೆ. ಮುಚ್ಚಿದ ಸೀಸದ ಬ್ಯಾಟರಿಗಳು ತೂಕದವು, 12 ವೋಲ್ಟಿನ ಎರಡನ್ನು ಸೇರಿಸಿ 24 ವೋಲ್ಟ್ ಮಾಡಿರುತ್ತಾರೆ. 12 ಆಂಪಿಯರ್-ಗಂಟೆಯ ಜೋಡಿಯೇ ಸುಮಾರು 8 ಕೆ.ಜಿ. ತೂಗುತ್ತದೆ. ಅದೇ ಸಾಮರ್ಥ್ಯದ ಲಿಥಿಯಂ ಬ್ಯಾಟರಿ ಅದರ ಅರ್ಧದಷ್ಟೂ ತೂಗಲಾರದು, ಬೆಲೆ ಮಾತ್ರ ಹೆಚ್ಚು. ಸೀಸದ್ದು ಬರಿದಾಗಿ ನಿಂತರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಹಾಳಾಗುತ್ತದೆ, ಆದ್ದರಿಂದ ಓಡಿಸಿದ ದಿನವೇ ಚಾರ್ಜಿಗೆ ಹಾಕಬೇಕು, ಓಡಿಸದಿದ್ದರೂ ಆಗಾಗ ಹಾಕುತ್ತಿರಬೇಕು. ದುರಸ್ತಿಗೆ ಬರುವ ಬ್ಯಾಟರಿಗಳಲ್ಲಿ ಓಡಿ ಸವೆದವುಗಳಿಗಿಂತ ನಿಂತೇ ಕೆಟ್ಟವು ಹೆಚ್ಚು.

ಮಡಚುವುದರ ಬಗ್ಗೆ ಅಣ್ಣನವರನ್ನು ಒಂದೇ ಪ್ರಶ್ನೆ ಕೇಳಿ: ಅದನ್ನು ಕಾರಿಗೆ ಎತ್ತುವವರು ಯಾರು? ಹಗುರ ಎಂದು ಮಾರುವ ಮಡಚುವ ಸ್ಕೂಟರ್ ಕೂಡ 20ರಿಂದ 30 ಕೆ.ಜಿ. ಇರುತ್ತದೆ. ಬಿಡಿಭಾಗಗಳಾಗಿ ಕಳಚುವ ಮಾದರಿಯಲ್ಲಿ ಒಟ್ಟು ತೂಕ ಹೆಚ್ಚಿದ್ದರೂ ಒಂದೊಂದು ಭಾಗವನ್ನು ಬೇರೆಬೇರೆಯಾಗಿ ಎತ್ತಬಹುದು. ಅಲ್ಲಿ ಕೇಳಬೇಕಾದದ್ದು ಅತಿ ಭಾರದ ಭಾಗ ಎಷ್ಟು ಎಂಬುದನ್ನು. ವಿಮಾನದಲ್ಲಿ ಒಯ್ಯುವ ಯೋಚನೆಯಿದ್ದರೆ, ಕಳಚಿ ತೆಗೆಯುವ ಲಿಥಿಯಂ ಬ್ಯಾಟರಿಗೆ 300 ವಾಟ್-ಗಂಟೆಯ ಮಿತಿಯಿದೆ, ಎರಡು ಬ್ಯಾಟರಿ ಇರುವ ಮಾದರಿಯಾದರೆ ಒಂದೊಂದೂ 160 ಮೀರಬಾರದು. ವಿಮಾನಯಾನ ಸಂಸ್ಥೆಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ಈ ಅಂಕಿ ಸಿಗುತ್ತದೆ. 24 ವೋಲ್ಟ್, 12 ಆಂಪಿಯರ್-ಗಂಟೆಯದು 288.

ಬೆಳಗಿನಗಾಳಿ

ನಾನು ಅಕ್ಕನವರ ಪರವಾಗಿ ಮಾತನಾಡಬೇಕೆಂದಿದ್ದೇನೆ. ನಮ್ಮ ಮನೆಯ ಹಿರಿಯರೊಬ್ಬರಿಗೆ ಸ್ಕೂಟರ್ ಬಂದ ಮೇಲೆ ಮನೆಯ ಮುಂದಿನ ನಾಲ್ಕು ಹೆಜ್ಜೆಗೂ ಅದನ್ನೇ ಹತ್ತುವುದು ಅಭ್ಯಾಸವಾಯಿತು, ಕ್ರಮೇಣ ತೊಡೆಯ ಬಲ ಕುಗ್ಗಿ ಕುರ್ಚಿಯಿಂದ ಏಳುವುದೇ ಕಷ್ಟವಾಯಿತು. ವಯಸ್ಸಾದವರಲ್ಲಿ ಬಳಸದ ಸ್ನಾಯು ಬಹಳ ಬೇಗ ಕರಗುತ್ತದೆ. ಇಲ್ಲಿ ಎಲ್ಲರೂ ಯಾವ ಸ್ಕೂಟರ್ ಎಂದು ಚರ್ಚಿಸುತ್ತಿದ್ದೀರಿ. ಬೇಕೇ ಎಂಬ ಪ್ರಶ್ನೆಯನ್ನು ಇಷ್ಟು ಬೇಗ ದಾಟಬಾರದು. ಸೀಟಿರುವ ನಾಲ್ಕು ಚಕ್ರದ ವಾಕರ್ ಇದ್ದರೆ ನಡೆದು, ದಣಿದಾಗ ಅದರ ಮೇಲೆಯೇ ಕುಳಿತು, ಮತ್ತೆ ನಡೆಯಬಹುದಲ್ಲವೇ?

ಸಂಧಿಬಂಧ

ಬೆಳಗಿನಗಾಳಿಯವರ ಆಕ್ಷೇಪ ನ್ಯಾಯವಾದದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸೀಟಿರುವ ವಾಕರನ್ನು ಒಮ್ಮೆ ಪ್ರಯತ್ನಿಸಿ ನೋಡಿ ಎಂದು ನಾನೂ ಹೇಳುತ್ತೇನೆ. ಆದರೆ ಒಂದೂವರೆ ಕಿಲೋಮೀಟರ್ ಹೋಗಿ ಅಷ್ಟೇ ದೂರ ಮರಳಿ ಬರುವುದು ಸವೆದ ಮಂಡಿಗೆ ವಾಕರ್ ಇದ್ದರೂ ಸುಲಭವಲ್ಲ, ಮತ್ತು ಅದು ಸಾಧ್ಯವಾಗದಿದ್ದಾಗ ಜನ ಮನೆಯಲ್ಲೇ ಉಳಿದುಬಿಡುತ್ತಾರೆ. ಮನೆಯಲ್ಲೇ ಕುಳಿತರೂ ತೊಡೆಯ ಬಲ ಕರಗುತ್ತದೆ, ಜೊತೆಗೆ ಮನಸ್ಸೂ ಕುಗ್ಗುತ್ತದೆ. ಈ ಬಗೆಯ ಸ್ಕೂಟರ್ 1968ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಆಲನ್ ಥೀಮ್ ಎಂಬವರ ಕೈಯಲ್ಲಿ ರೂಪುಗೊಂಡದ್ದೂ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಿಂದ ಓಡಾಟ ಕಷ್ಟವಾಗಿದ್ದ ಅವರ ಕುಟುಂಬದವರೊಬ್ಬರಿಗಾಗಿ. ನಡೆಯಲು ಸ್ವಲ್ಪ ಬಲವಿದ್ದು ದೂರಕ್ಕೆ ಸಾಲದವರ ಸಾಧನ ಇದು.

ಹಾಗಾಗಿ ಒಂದು ಗೆರೆ ಎಳೆದುಕೊಳ್ಳುವುದು ಒಳ್ಳೆಯದು. ಮನೆಯೊಳಗೆ ಸ್ಕೂಟರ್ ಬೇಡ, ಅದು ಬಾಗಿಲಿನಿಂದಾಚೆಗೆ ಮಾತ್ರ. ಗ್ರಂಥಾಲಯ ಮುಟ್ಟಿದ ಮೇಲೆ ಅದನ್ನು ನಿಲ್ಲಿಸಿ, ಕೈಗೋಲು ಹಿಡಿದು ಪುಸ್ತಕದ ಕಪಾಟುಗಳ ನಡುವೆ ನಡೆಯಲಿ. ಉದ್ಯಾನಕ್ಕೆ ಸ್ಕೂಟರಿನಲ್ಲಿ ಹೋಗಿ ಒಳಗೆ ನೋವು ಬರುವವರೆಗೆ ಒಂದು ಸುತ್ತು ಹಾಕಲಿ. ಮನೆಯಿಂದ ಹೊರಟು ದಾರಿಯಲ್ಲೇ ಖರ್ಚಾಗುತ್ತಿದ್ದ ನಡಿಗೆಯ ಶಕ್ತಿ ಹೀಗೆ ಅವರಿಗೆ ಬೇಕಾದ ಸ್ಥಳದಲ್ಲಿ ಬಳಕೆಯಾಗುತ್ತದೆ. ಇದಕ್ಕೆ ಕೈಗೋಲು ಸಿಕ್ಕಿಸುವ ಕೊಂಡಿ ಸ್ಕೂಟರಿನ ಹಿಂದೆ ಇರಲೇಬೇಕು. ಅದಿಲ್ಲದಿದ್ದರೆ ಕೋಲು ಮನೆಯಲ್ಲೇ ಉಳಿಯುತ್ತದೆ. ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮವನ್ನು ದಿನಾಲೂ ಮುಂದುವರಿಸಬೇಕು.

ನಿತ್ಯಪಯಣ

ಬೆಳಗಿನಗಾಳಿಯವರೇ, ನಿಮ್ಮ ಮನೆಯಲ್ಲಿ ಆದದ್ದು ಬೇಸರದ ಸಂಗತಿ, ಅದನ್ನು ಹೇಳಿದ್ದು ಒಳ್ಳೆಯದಾಯಿತು. ನನ್ನ ಮಟ್ಟಿಗೆ ಹೇಳುವುದಾದರೆ, ಸ್ಕೂಟರ್ ಬಂದ ಮೇಲೆ ನಾನು ಹೆಚ್ಚು ಜನರನ್ನು ನೋಡುತ್ತೇನೆ, ಹೆಚ್ಚು ಸಲ ಏಳುತ್ತೇನೆ, ಕೂರುತ್ತೇನೆ.

ರಸ್ತೆ ದಾಟುವುದರ ಬಗ್ಗೆ ಯಾರೂ ಬರೆದಿಲ್ಲ. ಸ್ಕೂಟರಿನಲ್ಲಿ ಕುಳಿತಾಗ ನಮ್ಮ ತಲೆ ನಿಂತವರ ಎದೆಯ ಎತ್ತರಕ್ಕಷ್ಟೇ ಬರುತ್ತದೆ. ನಿಲ್ಲಿಸಿದ ಕಾರಿನ ಮರೆಯಿಂದ ಹೊರಟರೆ ಬರುತ್ತಿರುವ ಚಾಲಕನಿಗೆ ಮೊದಲು ಕಾಣುವುದು ಸ್ಕೂಟರಿನ ಮೂತಿ, ಅದೂ ರಸ್ತೆಯೊಳಕ್ಕೆ ಬಂದ ಮೇಲೆ. ಎತ್ತರದ ಕೋಲಿಗೆ ಕಟ್ಟಿದ ಹೊಳೆಯುವ ಬಣ್ಣದ ಬಾವುಟ, ಹಿಂದೆ ಮುಂದೆ ದೀಪ, ಗಂಟೆ, ಕನ್ನಡಿ ಇರಲಿ. ವೇಗದ ವಿಷಯದಲ್ಲಿ ಗಂಟೆಗೆ 6 ಕಿ.ಮೀ. ಚುರುಕಾಗಿ ನಡೆಯುವವರ ವೇಗ, ಕಾಲುದಾರಿಗೆ ಅದಕ್ಕಿಂತ ಹೆಚ್ಚು ಬೇಡ. ಜನದಟ್ಟಣೆಯಿದ್ದರೆ ಅದರ ಅರ್ಧ ಸಾಕು. ನೀವಿರುವಲ್ಲಿನ ನಿಯಮ ಏನೆಂದು ಕೇಳಿಕೊಳ್ಳಿ.

ಹೊಸಹೆಜ್ಜೆ

ಕಣ್ಣಿನ ತಪಾಸಣೆಯಾಯಿತು. ಪಕ್ಕದ ನೋಟ ಚೆನ್ನಾಗಿದೆ ಎಂದಿದ್ದಾರೆ, ಒಂದು ಕಣ್ಣಿನಲ್ಲಿ ಪೊರೆಯ ಆರಂಭವಿದೆ, ಸಂಜೆಯ ಮಬ್ಬಿನಲ್ಲಿ ಓಡಿಸುವುದು ಬೇಡ ಎಂಬ ಸೂಚನೆ ಕೊಟ್ಟಿದ್ದಾರೆ. ಅಕ್ಕನವರು ಸಂಧಿಬಂಧ ಅವರ ಬರಹವನ್ನು ಓದಿ, ಗ್ರಂಥಾಲಯದೊಳಗೆ ನಡೆಯುವುದಾದರೆ ತಮ್ಮ ಆಕ್ಷೇಪವಿಲ್ಲ ಎಂದಿದ್ದಾರೆ.

ನಿನ್ನೆ ಅಂಗಡಿಗೆ ಹೋಗಿ ಮೂರು ಮಾದರಿಗಳಲ್ಲಿ ತಾಯಿಯವರನ್ನು ಕೂರಿಸಿ ನೋಡಿದೆವು. ಮಡಚುವ ಮಾದರಿಯಲ್ಲಿ ಬೆನ್ನೊರಗು ತೀರ ತಗ್ಗು, ಕೈದಂಡೆಯೇ ಇಲ್ಲ. ಏಳಲು ಅವರು ಹ್ಯಾಂಡಲನ್ನೇ ಎಳೆಯಬೇಕಾಯಿತು. ಅಣ್ಣನವರೇ ಇದು ಬೇಡ ಎಂದರು. ಮಧ್ಯಮ ಗಾತ್ರದ ನಾಲ್ಕು ಚಕ್ರದ್ದು, ಸುತ್ತು ಹ್ಯಾಂಡಲ್ ಇರುವಂಥದ್ದು, 120 ಸೆಂ.ಮೀ. ಉದ್ದದ್ದು ಅವರಿಗೆ ಹಿಡಿಸಿದೆ. ಕೊಳ್ಳುವ ಮೊದಲು ಕೆಲವು ದಿನ ಬಾಡಿಗೆಗೆ ಕೊಡಲು ಅಂಗಡಿಯವರು ಒಪ್ಪಿದ್ದಾರೆ. ಅದೇ ಮಾದರಿಯ ಬಳಸಿದ ಸ್ಕೂಟರ್ ಕೂಡ ಒಂದಿದೆಯಂತೆ, ಅದನ್ನು ಕೊಳ್ಳಬಹುದೇ? ಮತ್ತು ಚಾರ್ಜಿಗೆ ಎಲ್ಲಿ ನಿಲ್ಲಿಸಬೇಕು? ಮೆಟ್ಟಿಲ ಕೆಳಗೆ ಜಾಗವಿದೆ.

ಚಕ್ರವಾಕ

ಮೆಟ್ಟಿಲ ಕೆಳಗೆ ಬೇಡ. ಬೆಂಕಿ ಅಪರೂಪವೇ ಆದರೂ, ಹೊತ್ತಿಕೊಂಡರೆ ಕಟ್ಟಡದವರೆಲ್ಲ ಇಳಿದು ಬರಬೇಕಾದ ದಾರಿಯೇ ಹೊಗೆಯಿಂದ ಮುಚ್ಚಿಹೋಗುತ್ತದೆ. ಹೊರಬರುವ ಹಾದಿಗೆ ಅಡ್ಡವಾಗದ, ಗಾಳಿಯಾಡುವ, ಒಣಗಿದ ಜಾಗ ಬೇಕು. ಬ್ಯಾಟರಿ ಕಳಚುವಂಥದ್ದಾದರೆ ಸ್ಕೂಟರನ್ನು ಕೆಳಗೆ ನಿಲ್ಲಿಸಿ ಬ್ಯಾಟರಿಯನ್ನಷ್ಟೇ ಮೇಲೆ ಒಯ್ಯಬಹುದು, ಆದರೆ ಹಿಡಿಕೆ ಹಿಡಿದು ತಾಯಿಯವರು ಎತ್ತಬಲ್ಲರೇ ಎಂದು ನೋಡಿಕೊಳ್ಳಿ. ಜೊತೆಗೆ ಬಂದ ಚಾರ್ಜರನ್ನೇ ಬಳಸಿ. ಸೀಸದ ಬ್ಯಾಟರಿಯ ಚಾರ್ಜರನ್ನು ಲಿಥಿಯಂ ಬ್ಯಾಟರಿಗೆ ಎಂದಿಗೂ ಹಾಕಬೇಡಿ.

ಬಳಸಿದ್ದನ್ನು ಕೊಳ್ಳಬಹುದು, ಆದರೆ ಬ್ಯಾಟರಿಯ ಬೆಲೆಯನ್ನು ಸೇರಿಸಿ ಲೆಕ್ಕ ಹಾಕಿ. ಬ್ಯಾಟರಿಯ ಮೇಲೆ ತಯಾರಿಕೆಯ ದಿನಾಂಕದ ಗುರುತು ಇರುತ್ತದೆ, ಅದನ್ನು ತೋರಿಸಲು ಕೇಳಿ. ಚಾರ್ಜ್ ತೋರಿಸುವ ದೀಪ ನಿಂತಾಗ ಪೂರ್ತಿ ಇದ್ದು, ಏರು ಹತ್ತುವಾಗ ಥಟ್ಟನೆ ಕೆಳಗಿಳಿದರೆ ಬ್ಯಾಟರಿ ಸೋತಿದೆ ಎಂದೇ ಅರ್ಥ. ಟಯರಿನ ಪಕ್ಕದಲ್ಲಿ ಬಿರುಕು, ಹ್ಯಾಂಡಲಿನಲ್ಲಿ ಸಡಿಲಿಕೆ, ಸೀಟಿನ ಬೀಗ ಇವನ್ನು ನೋಡಿ. ಇಳಿಜಾರಿನಲ್ಲಿ ಸನ್ನೆ ಬಿಟ್ಟು, ಬ್ರೇಕ್ ಬಿದ್ದು ಗಾಡಿ ನಿಂತ ಮೇಲೆ ಒಂದಿಷ್ಟೂ ಜಾರಬಾರದು. ಜಾರಿದರೆ ಆ ಸ್ಕೂಟರನ್ನು ಅಲ್ಲೇ ಬಿಟ್ಟು ಬನ್ನಿ. ವೇಗ ಏರುವ ಬಗೆ, ನಿಲ್ಲುವ ಬಗೆ ಇವುಗಳನ್ನು ಹಲವು ಮಾದರಿಗಳಲ್ಲಿ ಅಂಗಡಿಯವರು ಮೃದುಗೊಳಿಸಿ ಕೊಡಬಲ್ಲರು, ತಾಯಿಯವರು ಕುಳಿತಿರುವಾಗಲೇ ಅದನ್ನು ಮಾಡಿಸಿಕೊಳ್ಳಿ.

ಹಿಂದೆ ಚಕ್ರದ ಬಳಿ ಒಂದು ಸಣ್ಣ ಸನ್ನೆಯಿರುತ್ತದೆ, ಅದನ್ನು ಎಳೆದರೆ ಮೋಟಾರು ಬಿಡಿಸಿಕೊಂಡು ಗಾಡಿಯನ್ನು ಕೈಯಿಂದ ತಳ್ಳಬಹುದು. ಆಗ ಬ್ರೇಕ್ ಇರುವುದಿಲ್ಲ. ಇಳಿಜಾರಿನಲ್ಲಾಗಲಿ, ಯಾರಾದರೂ ಕುಳಿತಿರುವಾಗಲಾಗಲಿ ಅದನ್ನು ಮುಟ್ಟಬಾರದು. ಬಾಡಿಗೆಗೆ ತಂದ ದಿನವೇ ಆ ಸನ್ನೆ ಎಲ್ಲಿದೆ ಎಂದು ಮನೆಯವರೆಲ್ಲರೂ ನೋಡಿಕೊಳ್ಳಿ, ಮಕ್ಕಳಿಗೂ ತೋರಿಸಿ ಹೇಳಿ.

ನಿತ್ಯಪಯಣ

ಬಾಡಿಗೆಯ ದಿನಗಳಲ್ಲಿ ಗ್ರಂಥಾಲಯದ ಹಾದಿಯನ್ನು ಮೊದಲು ನೀವು ಪಕ್ಕದಲ್ಲಿ ನಡೆಯುತ್ತಾ ಕರೆದೊಯ್ಯಿರಿ, ನಂತರ ಹತ್ತು ಮಾರು ಹಿಂದೆ ನಡೆಯಿರಿ, ಬಾಯಿಬಿಟ್ಟು ಏನನ್ನೂ ಹೇಳಬೇಡಿ. ಆ 6 ಸೆಂ.ಮೀ. ಅಂಚಿನ ಬಳಿ ಅವರು ತಾವಾಗಿ ತಗ್ಗಿನ ಕಡೆಗೆ ತಿರುಗಿದರೆ, ರಸ್ತೆಯ ಬಳಿ ತಾವಾಗಿ ನಿಂತು ಎರಡೂ ಕಡೆ ನೋಡಿದರೆ, ಒಬ್ಬರೇ ಹೋಗಲು ಬಿಡಬಹುದು. ಕೊರಳಿಗೆ ತೂಗುವ ಚೀಲದಲ್ಲಿ ಫೋನ್ ಇರಲಿ. ಸ್ಕೂಟರಿನ ಬುಟ್ಟಿಯಲ್ಲಿಟ್ಟರೆ ಬಿದ್ದಾಗ ಕೈಗೆ ಸಿಗುವುದಿಲ್ಲ.

ಹೊಸಹೆಜ್ಜೆ

ಹಾಗೆಯೇ ಮಾಡುತ್ತೇವೆ. ಸೋಮವಾರ ಬೆಳಿಗ್ಗೆ ಸ್ಕೂಟರ್ ಬರುತ್ತದೆ. ‘ಬಿಡಿ’ ಎಂದು ಹೇಳುವ ಕೆಲಸವನ್ನು ಅಕ್ಕನವರು ವಹಿಸಿಕೊಂಡಿದ್ದಾರೆ. ತಾಯಿಯವರು ಓಡಿಸಿ ನೋಡಿದ ಮೇಲೆ ಅವರ ಅಭಿಪ್ರಾಯವನ್ನು ಅವರಿಂದಲೇ ಬರೆಸಿ ಇಲ್ಲಿ ಹಾಕುತ್ತೇನೆ.